ಅಗ್ಗದ ಲ್ಯಾಪ್‌ಟಾಪೂ ಕೊಡಗಿನ ಮಳೆಯೂ



ವಿಜ್ಞಾನ ಓದಿದವನು, ಮೇಲಾಗಿ ಟೀವಿಯಲ್ಲಿ ಕೆಲಸ ಮಾಡುವವನು ಎಂದರೆ ನೆಂಟರಿಷ್ಟರ ಪಾಲಿಗೆ ಸಕಲ ಯಂತ್ರಗಳ ವೈದ್ಯನಿದ್ದಂತೆ. ಮಿಕ್ಸಿ ಸದ್ದು ಮಾಡಿದರೂ ನನಗೇ ಫೋನು, ಪಂಪ್‌ಸೆಟ್ ನೀರೆತ್ತದಿದ್ದರೂ ನನಗೇ ಫೋನು. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಭೌತಶಾಸ್ತ್ರ, ಸಂಬಳ ಬರುವುದು ಕಾರ್ಯಕ್ರಮ ನಿರ್ಮಾಣಕ್ಕೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

2020ರ ಜೂನ್ ತಿಂಗಳಲ್ಲಿ ಹೀಗೇ ಒಂದು ಫೋನು ಬಂತು. ನನ್ನ ಅಕ್ಕನದು. ಅವಳಿರುವುದು ಕೊಡಗಿನಲ್ಲಿ, ಮಾದಾಪುರದಿಂದ ಒಳಗೆ ಹೋಗುವ ಮಣ್ಣುದಾರಿಯ ಕೊನೆಯಲ್ಲಿ. "ಕಾಲೇಜು ಮುಚ್ಚಿದೆ, ಮಗಳಿಗೆ ಲ್ಯಾಪ್‌ಟಾಪ್ ಬೇಕಂತೆ. ಒಂದು ಮೂಟೆ ಕರಿಮೆಣಸು ಇಟ್ಟಿದ್ದೇನೆ. ಅಷ್ಟರೊಳಗೆ ಬರುವಂಥದ್ದು ಒಂದು ಹೇಳು ಮಾರಾಯ" ಎಂದಳು. ಆಗಿನ ಧಾರಣೆಯಲ್ಲಿ ಐವತ್ತು ಕೆಜಿ ಮೆಣಸಿನ ಮೂಟೆಗೆ ಹದಿನೈದು-ಹದಿನಾರು ಸಾವಿರ ಸಿಗುತ್ತಿತ್ತು. ಬಳ್ಳಿಯಿಂದ ಕೊಯ್ದು, ತುಳಿದು, ಬಿಸಿಲಿಗೆ ಹರವಿ ಮಾಡಿದ ಮೂಟೆ ಅದು. ನಾನು ಎರಡು ರಾತ್ರಿ ಕುಳಿತು ಜಾಹೀರಾತುಗಳನ್ನೆಲ್ಲ ಓದಿ, ಹದಿನಾಲ್ಕು ಸಾವಿರ ಚಿಲ್ಲರೆಗೆ ಒಂದನ್ನು ಆರಿಸಿ ಹೇಳಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪಿನಲ್ಲಿ ಅರ್ಧ ನನ್ನದೂ ಇದೆ.

ಈ ಮಾತನ್ನು ಪರದೆಯ ಮೇಲೆ ಹೇಳಲು ನನಗೆ ಸಿಕ್ಕಿದ್ದು ಹದಿನೈದು ನಿಮಿಷ. ಅಲ್ಲಿ ಬಿಟ್ಟುಹೋದದ್ದನ್ನು ಈ ಪುಟಗಳಲ್ಲಿ ಸೇರಿಸಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಯಂತ್ರ ಇರಬಹುದು, ಅಥವಾ ಮಗನೋ ಮಗಳೋ ನಾಳೆ ಕೇಳಬಹುದು.

ಬಡವರಿಗೂ ಎಟಕುವ ಗಣಕ ಎಂಬ ಕನಸು ಹೊಸದಲ್ಲ. ಅದರ ಒಂದು ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಕೆಲವರು ಸೇರಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ರೂಪಿಸಿದರು. ಮೊದಲ ಮಾದರಿಯನ್ನು 2001ರಲ್ಲಿ ತೋರಿಸಿದರು. ಆಗ ನಾನು ಡಿಗ್ರಿ ಮುಗಿಸುವ ಹಂತದಲ್ಲಿದ್ದೆ. ಪತ್ರಿಕೆಯಲ್ಲಿ ಬಂದ ಅದರ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು ಇರಬೇಕೆಂಬುದು ಗುರಿ. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೊಂದು ಯೋಚನೆ. ಊರಿಗೆ ಒಂದು ಯಂತ್ರ ಸಾಕು, ಪ್ರತಿಯೊಬ್ಬರ ಬಳಿ ಒಂದು ಸ್ಮಾರ್ಟ್ ಕಾರ್ಡ್ ಇರಲಿ, ಕಾರ್ಡ್ ತೂರಿಸಿದರೆ ಯಂತ್ರ ಅಷ್ಟು ಹೊತ್ತು ನಿಮ್ಮದು. ಭಾರತೀಯ ಭಾಷೆಗಳಲ್ಲಿ ಬರೆದದ್ದನ್ನು ಅದು ಓದಿ ಹೇಳಬೇಕು ಎಂಬ ಆಸೆಯೂ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ನಮ್ಮ ರಾಜ್ಯದ 'ಭೂಮಿ' ಯೋಜನೆಯಲ್ಲಿ ಅದನ್ನು ಬಳಸಿ ನೋಡಿದ್ದುಂಟು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಬಂದು ಎಲ್ಲರ ಜೇಬು ಸೇರಿತ್ತು.

ಹೊರದೇಶದಲ್ಲೂ ಇದೇ ಪ್ರಯತ್ನ ನಡೆದಿತ್ತು. ಎಂ.ಐ.ಟಿ.ಯ ನಿಕೊಲಾಸ್ ನೆಗ್ರೊಪೊಂಟೆ 2005ರಲ್ಲಿ ನೂರು ಡಾಲರ್‌ಗೆ ಮಕ್ಕಳ ಲ್ಯಾಪ್‌ಟಾಪ್ ಕೊಡುತ್ತೇನೆಂದರು. ಕರೆಂಟಿಲ್ಲದ ಕಡೆ ಕೈಯಲ್ಲಿ ತಿರುಗಿಸಲು ಅದಕ್ಕೊಂದು ಹಿಡಿಕೆ ಇತ್ತು. ತಯಾರಾಗಿ ಬಂದಾಗ ಬೆಲೆ ಇಮ್ಮಡಿಯ ಹತ್ತಿರ, ಹಿಡಿಕೆಯೂ ಮಾಯ. ನಮ್ಮ ಕೇಂದ್ರ ಸರ್ಕಾರ 2011ರ ಅಕ್ಟೋಬರ್‌ನಲ್ಲಿ 'ಆಕಾಶ್' ಎಂಬ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಸರ್ಕಾರ ತೆತ್ತ ಬೆಲೆ 2,276 ರೂಪಾಯಿ. ಒಳಗಿದ್ದದ್ದು 366 ಮೆಗಾಹರ್ಟ್ಸ್‌ನ ಪ್ರೊಸೆಸರ್, 256 ಎಂಬಿ ರ‍್ಯಾಮ್, ಬೆರಳಿನಿಂದ ಒತ್ತಿಯೇ ತಿಳಿಸಬೇಕಾದ ಪರದೆ. ಅದು ಏನಾಯಿತೆಂದು ನಿಮಗೆ ಗೊತ್ತೇ ಇದೆ. ಆಮೇಲೆ 2015-16ರ ಹೊತ್ತಿಗೆ ಇಂಟೆಲ್ ಕಂಪನಿಯ ಆಟಮ್ ಜಾತಿಯ ಚಿಕ್ಕ ಪ್ರೊಸೆಸರ್‌ಗಳೂ ವಿಂಡೋಸ್ 10 ಕೂಡ ಸೇರಿ ಹತ್ತು ಸಾವಿರದ ನಿಜವಾದ ಲ್ಯಾಪ್‌ಟಾಪ್ ಸಾಧ್ಯವಾಯಿತು. 2016ರಲ್ಲಿ ಐಬಾಲ್ ಕಂಪನಿಯ ಕಾಂಪ್‌ಬುಕ್ 9,999 ರೂಪಾಯಿಗೆ ಬಂತು: 11.6 ಇಂಚಿನ ಪರದೆ, 2 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ. ಅದಾದ ಮೇಲೆ ಬೇರೆ ಬೇರೆ ಹೆಸರಿನಲ್ಲಿ ಇದೇ ಅಚ್ಚಿನ ಹಲವು ಬಂದವು. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್‌ನಲ್ಲಿ 4 ಜಿಬಿ, 64 ಜಿಬಿ ಆಗಿತ್ತು, ಒಳಗಿನ ಹೂರಣ ಮೊಬೈಲ್ ಫೋನಿನದು.

ಅಕ್ಕನ ಮನೆಗೆ ಬಂದದ್ದು ಆ 2 ಜಿಬಿ, 32 ಜಿಬಿಯ ಅಚ್ಚಿನದು.

ಮೊದಲು ಒಳ್ಳೆಯದನ್ನು ಹೇಳಬೇಕು. ಕೊಡಗಿನ ಮಳೆಗಾಲ ನೋಡಿದವರಿಗೆ ಇದು ಅರ್ಥವಾಗುತ್ತದೆ. ಜೂನ್‌ನಲ್ಲಿ ಗಾಳಿ ಎದ್ದರೆ ತಂತಿಯ ಮೇಲೆ ಸಿಲ್ವರ್ ಓಕ್ ಬೀಳುವುದು, ಲೈನ್‌ಮ್ಯಾನ್ ಬರುವವರೆಗೆ ಎರಡು ದಿನ, ಮೂರು ದಿನ ಕತ್ತಲೆ. ಮಾಮೂಲಿ ಲ್ಯಾಪ್‌ಟಾಪ್‌ಗೆ 19 ವೋಲ್ಟಿನ ಚಾರ್ಜರ್ ಬೇಕು. ಇನ್ವರ್ಟರ್ ಬ್ಯಾಟರಿ ಇಳಿದ ಮೇಲೆ ಅದು ಬರಿಯ ಹಲಗೆ. ಈ ಅಗ್ಗದ ಯಂತ್ರದ ಚಾರ್ಜರ್ 5 ವೋಲ್ಟ್, 2 ಆಂಪಿಯರ್. ಅಂದರೆ ಮೊಬೈಲಿನದರ ಹಾಗೆಯೇ! ತುದಿಯ ಪಿನ್ನು ಮಾತ್ರ ಬೇರೆ. ಮಡಿಕೇರಿಯ ಅಂಗಡಿಯಲ್ಲಿ ಅರವತ್ತು ರೂಪಾಯಿಯ ಒಂದು ವಯರು ಕೊಂಡು ತಂದ ಮೇಲೆ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಯಿತು, ಭಾವನ ಜೀಪಿನಿಂದಲೂ ಆಯಿತು. ಪಕ್ಕದ ಎಸ್ಟೇಟಿನ ಹುಡುಗನ ಬಳಿ ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಇತ್ತು. ಕಕ್ಕಡ ಮಾಸದ ಆ ಮೂರು ದಿನ ಅವನೂ ಬಂದು ಇದರಲ್ಲೇ ಪಾಠ ಕೇಳಿದನಂತೆ. ಫೋನು ಮಾಡಿ ಇದನ್ನು ಹೇಳುವಾಗ ಅಕ್ಕನ ದನಿಯಲ್ಲಿದ್ದ ಬಿಗುಮಾನ ಇನ್ನೂ ನೆನಪಿದೆ.

ಇನ್ನೊಂದು ಗುಣ, ಇದಕ್ಕೆ ಫ್ಯಾನಿಲ್ಲ. ಪ್ರೊಸೆಸರ್ ತಿನ್ನುವುದು ಎರಡು-ಮೂರು ವ್ಯಾಟ್ ಮಾತ್ರ. ಹಿಂಬದಿಯ ತಗಡೇ ಶಾಖವನ್ನು ಹರಡಿ ತಣಿಸುತ್ತದೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಇಂಥ ಯಂತ್ರ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೊಡಗಿನ ತಂಪಿನಲ್ಲಿ ಆ ಕಷ್ಟ ಕಡಿಮೆ. ಫ್ಯಾನಿಲ್ಲದ್ದರಿಂದ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುವುದೂ ಇಲ್ಲ.

ಬ್ಯಾಟರಿಯ ಬಗ್ಗೆ ಒಂದು ಲೆಕ್ಕ ನೀವು ತಿಳಿದಿರಬೇಕು. ಡಬ್ಬಿಯ ಮೇಲೆ '10,000 ಎಂಎಎಚ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ದುಬಾರಿ ಲ್ಯಾಪ್‌ಟಾಪ್‌ನಲ್ಲಿ 3,600 ಎಂದಿದ್ದರೆ, ಅಗ್ಗದ್ದರಲ್ಲಿ ಮೂರು ಪಟ್ಟು ಇದೆಯಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು, ಭೌತಶಾಸ್ತ್ರ ಓದಿಯೂ! ಆದರೆ ಶಕ್ತಿಯ ಲೆಕ್ಕಕ್ಕೆ ವೋಲ್ಟನ್ನೂ ಗುಣಿಸಬೇಕು. 10,000 ಎಂಎಎಚ್ ಎಂದರೆ 10 ಆಂಪಿಯರ್-ಗಂಟೆ. ಒಂದೇ ಕೋಶದ 3.7 ವೋಲ್ಟಿನಿಂದ ಗುಣಿಸಿದರೆ 37 ವ್ಯಾಟ್-ಗಂಟೆ. ಇನ್ನೊಂದರ 3.6ನ್ನು ಮೂರು ಕೋಶಗಳ 11.1 ವೋಲ್ಟಿನಿಂದ ಗುಣಿಸಿದರೆ 40. ಎರಡೂ ಹೆಚ್ಚುಕಡಿಮೆ ಒಂದೇ. ಸೇರಿನಲ್ಲಿ ಅಳೆದದ್ದನ್ನೂ ಪಾವಿನಲ್ಲಿ ಅಳೆದದ್ದನ್ನೂ ಬರಿಯ ಸಂಖ್ಯೆ ನೋಡಿ ಹೋಲಿಸಿದ ಹಾಗೆ ಇದು. ಚಾರ್ಜರ್ ಕೊಡುವುದು 10 ವ್ಯಾಟ್. ಯಂತ್ರವನ್ನು ಬಳಸುತ್ತಲೇ ಚಾರ್ಜಿಗೆ ಹಾಕಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರವೇ ಕುಡಿಯುತ್ತದೆ. ಬ್ಯಾಟರಿ ತುಂಬಲು ಬೆಳಗಿನಿಂದ ಸಂಜೆಯಾಗುತ್ತದೆ. ಇದನ್ನು ದೋಷವೆಂದು ಭಾವಿಸಿ ಅಕ್ಕ ಎರಡು ಸಲ ಚಾರ್ಜರ್ ಬದಲಾಯಿಸಿದ್ದಳು.

ಪರದೆಯ ಬಗ್ಗೆ ನನ್ನ ಕಸುಬಿನವರು ಮಾತಾಡದಿರಲು ಸಾಧ್ಯವೆ? ಇಂಥವುಗಳಲ್ಲಿ ಹಾಕುವುದು ಅಗ್ಗದ ಬಗೆಯ ಪರದೆ. ನೇರ ಕುಳಿತರೆ ಚೆನ್ನ, ಓರೆಯಿಂದ ನೋಡಿದರೆ ಬಣ್ಣ ಮಾಸುತ್ತದೆ, ಕೆಳಗಿನಿಂದ ನೋಡಿದರೆ ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗುತ್ತದೆ. 2020ರ ಜುಲೈನಿಂದ ನಮ್ಮ ಚಂದನದಲ್ಲಿ ಹೈಸ್ಕೂಲು ಮಕ್ಕಳಿಗೆ 'ಸೇತುಬಂಧ' ಪಾಠಗಳು ಬರುತ್ತಿದ್ದವು. ಅಕ್ಕನ ಮನೆಯ ಟೀವಿಯ ಡಿಶ್ ಗಾಳಿಗೆ ತಿರುಗಿಹೋಗಿ, ಲೈನ್ ಮನೆಗಳ ನಾಲ್ಕು ಮಕ್ಕಳು ಈ ಲ್ಯಾಪ್‌ಟಾಪ್‌ನಲ್ಲೇ ಆ ಪಾಠ ನೋಡಲು ಬಂದು ಕೂರುತ್ತಿದ್ದರು. ನಡುವೆ ಕೂತವನಿಗೆ ಪಾಠ, ಅಂಚಿನಲ್ಲಿ ಕೂತವರಿಗೆ ನೆರಳು-ಬೆಳಕಿನಾಟ. ದಿನಕ್ಕೊಬ್ಬರು ನಡುವೆ ಎಂದು ಅಕ್ಕ ಸರದಿ ಮಾಡಿದ್ದಳಂತೆ. ಸಿಗ್ನಲ್ಲಿನ ಪಾಡು ಬೇರೆಯೇ. ಅದೇ ಸೋಮವಾರಪೇಟೆ ತಾಲ್ಲೂಕಿನ ಶಿಕ್ಷಕರೊಬ್ಬರು ಸಿಗ್ನಲ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಈಗ ಕಷ್ಟದ ಕಡೆಗೆ ಬರುತ್ತೇನೆ.

ಕೊಳ್ಳುವಾಗ 32 ಜಿಬಿ ಎಂದು ಹೇಳುತ್ತಾರೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹಾಗಾಗಿ ತೆರೆದಾಗ ಕಾಣುವುದು 29 ಚಿಲ್ಲರೆ. ಅದರಲ್ಲಿ ವಿಂಡೋಸ್ ಮತ್ತು ಅದರ ಬಿಡಿಭಾಗಗಳೇ ಹದಿನೆಂಟು-ಇಪ್ಪತ್ತನ್ನು ಹಿಡಿದು ಕೂತಿರುತ್ತವೆ. ನಿಮಗೆ ಉಳಿಯುವುದು ಎಂಟೋ ಒಂಬತ್ತೋ. ಅಷ್ಟರಲ್ಲಿ ಅಪ್‌ಡೇಟ್ ಎಂಬ ಅತಿಥಿ ಬರುತ್ತಾನೆ. ಹಳೆಯದನ್ನು ತೆಗೆಯುವ ಮೊದಲು ಹೊಸದನ್ನು ಪಕ್ಕದಲ್ಲಿ ಬಿಚ್ಚಿಡಬೇಕು, ಅದಕ್ಕೆ ಎಂಟು-ಹತ್ತು ಜಿಬಿ ಜಾಗ ಬೇಕು. ಜಾಗವಿಲ್ಲ. ರಾತ್ರಿಯೆಲ್ಲ ಇಳಿಸಿಕೊಂಡು, ಬೆಳಿಗ್ಗೆ ಆಗಲಿಲ್ಲ ಎಂದು ಕೈಚೆಲ್ಲಿ, ಮರುರಾತ್ರಿ ಮತ್ತೆ ಅದೇ. ಮೊಬೈಲಿನಿಂದ ಹಂಚಿಕೊಂಡ ದಿನಕ್ಕೆ ಒಂದೂವರೆ ಜಿಬಿಯ ಡೇಟಾ ಪೂರ್ತಿ ಇದಕ್ಕೇ ಹೋಗುತ್ತಿತ್ತು. ಬೇರೆ ಪೆನ್‌ಡ್ರೈವ್ ಚುಚ್ಚಿ ಜಾಗ ತೋರಿಸಬಹುದೆಂದು ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ, ಹಾಗೆ ಮಾಡಿಯೇ ದಾರಿ ಮಾಡಿಕೊಂಡೆವು. ಆದರೆ ಇದನ್ನು ಹಳ್ಳಿಯ ಮನೆಯಲ್ಲಿ ಯಾರು ಹೇಳಿಕೊಡಬೇಕು?

ಇದಕ್ಕಿಂತ ಒಳಗಿನ ಕಾಯಿಲೆ ಇನ್ನೊಂದು. ರ‍್ಯಾಮ್ 2 ಜಿಬಿ ಮಾತ್ರ. ರ‍್ಯಾಮ್ ಎಂದರೆ ನೀವು ಕೆಲಸ ಮಾಡುವ ಮೇಜು. ಸಂಗ್ರಹ ಎಂದರೆ ಕಪಾಟು. ಮೇಜು ಚಿಕ್ಕದಾದರೆ ಕಾಗದಗಳನ್ನು ಕ್ಷಣಕ್ಕೊಮ್ಮೆ ಕಪಾಟಿಗೆ ಇಟ್ಟು ತೆಗೆದು ಮಾಡಬೇಕು. ನಾಲ್ಕು ಕಿಟಕಿ ತೆರೆದರೆ ಯಂತ್ರ ಇದನ್ನೇ ಮಾಡುತ್ತಿರುತ್ತದೆ. ಇದರ ಕಪಾಟು ಹಾರ್ಡ್‌ಡಿಸ್ಕ್ ಅಲ್ಲ, 'ಇಎಂಎಂಸಿ' ಎಂಬ ಚಿಪ್ಪು, ಮೆಮೊರಿ ಕಾರ್ಡಿನ ಸೋದರ. ಇಂಥ ಚಿಪ್ಪಿನ ಒಂದೊಂದು ಕೋಣೆಯನ್ನೂ ಇಷ್ಟು ಸಾವಿರ ಸಲ ಅಳಿಸಿ ಬರೆಯಬಹುದು ಎಂಬ ಮಿತಿ ಇರುತ್ತದೆ. ಜಾಗ ಧಾರಾಳವಾಗಿದ್ದರೆ ಚಿಪ್ಪು ಸವೆತವನ್ನು ಎಲ್ಲ ಕೋಣೆಗಳಿಗೂ ಹಂಚುತ್ತದೆ. ತುಂಬಿ ತುಳುಕುತ್ತಿದ್ದರೆ ಖಾಲಿ ಇರುವ ಕೆಲವೇ ಕೋಣೆಗಳು ಮತ್ತೆ ಮತ್ತೆ ಸವೆಯುತ್ತವೆ. ಮೇಜು ಚಿಕ್ಕದು, ಕಪಾಟೂ ಚಿಕ್ಕದು, ಎರಡರ ನಡುವೆ ಹಗಲಿರುಳು ಓಡಾಟ. ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಕೆಟ್ಟರೆ ತೆಗೆದು ಬೇರೆ ಹಾಕುವಂತಿಲ್ಲ.

ಇದನ್ನೆಲ್ಲ ನಾನು 2020ರಲ್ಲಿ ಯೋಚಿಸಲಿಲ್ಲ. 2022ರ ಜೂನ್‌ನಲ್ಲಿ ಯೋಚಿಸಬೇಕಾಗಿ ಬಂತು.

ಕೊಡಗಿನ ತೋಟಗಳಲ್ಲಿ ಮಳೆ ಅಳೆಯುವುದು ಒಂದು ವ್ರತ. ಅಂಗಳದಲ್ಲಿ ಮಳೆಮಾಪಕ, ಬೆಳಿಗ್ಗೆ ಅದನ್ನು ಗಾಜಿನ ಅಳತೆಗೆ ಸುರಿದು ಇಂಚು-ಸೆಂಟಿನಲ್ಲಿ ಬರೆದಿಡುವುದು. ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರ್ ಬಂದು ಎಷ್ಟೋ ವರ್ಷವಾದರೂ, "ನಿಮ್ಮಲ್ಲಿ ನಿನ್ನೆ ಎಷ್ಟು?" ಎಂದರೆ "ಮೂರು ಇಂಚು ನಲವತ್ತು" ಎಂದೇ ಉತ್ತರ. ಅಕ್ಕನ ಮಾವನವರು 1974ರಿಂದ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೂ ಬರವಣಿಗೆ ನಿಲ್ಲಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ ಗುಡ್ಡಗಳು ಕುಸಿದ ವಾರದಲ್ಲೂ, ಮನೆ ಬಿಟ್ಟು ಹೋಗಬೇಕಾಗಿ ಬಂದ ಎರಡು ದಿನ ಬಿಟ್ಟರೆ, ಉಳಿದ ದಿನಗಳ ಲೆಕ್ಕ ಅದರಲ್ಲಿದೆ. ಮನೆ ಬಿಡುವಾಗ ಅಕ್ಕ ಒಡವೆಯ ಡಬ್ಬಿಯ ಜೊತೆ ಈ ಪುಸ್ತಕಗಳನ್ನೂ ಗೋಣಿಯಲ್ಲಿ ಕಟ್ಟಿಕೊಂಡು ಹೋಗಿದ್ದಳು.

ಸೊಸೆ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡಳು. ಕಾಫಿ ಅರಳಲು ಬೇಕಾದ ಹೂಮಳೆ ಯಾವ ವರ್ಷ ಯಾವ ದಿನ ಬಂತು, ಎಷ್ಟು ಬಂತು, ಮಳೆಗಾಲ ಯಾವಾಗ ಹಿಡಿಯಿತು ಎಂಬುದನ್ನು ನಲವತ್ತೆಂಟು ವರ್ಷಗಳ ಉದ್ದಕ್ಕೂ ನೋಡುವುದು. ಒಂದೂವರೆ ವರ್ಷ ಕುಳಿತು ಅಜ್ಜನ ಪುಸ್ತಕಗಳನ್ನು ಲ್ಯಾಪ್‌ಟಾಪ್‌ಗೆ ಏರಿಸಿದಳು. 2020ರಿಂದ ಪುಸ್ತಕದಲ್ಲಿ ಬರೆಯುವುದನ್ನೇ ನಿಲ್ಲಿಸಿ, ಸಂಜೆ ನೇರವಾಗಿ ಯಂತ್ರದಲ್ಲೇ ತುಂಬುತ್ತಿದ್ದಳು. ಪ್ರಾಜೆಕ್ಟ್ ಒಪ್ಪಿಸಲು ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಯಂತ್ರ ಹಚ್ಚಿದರೆ, ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡಲು ಡಿಸ್ಕ್ ಇಲ್ಲ.

ಭಾವ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಮೈಸೂರಿಗೆ ಹೋದರು. ಕೊಡಗಿಗೆ ರೈಲಿಲ್ಲ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋಗಿ ಬರುವುದು ಒಂದು ದಿನದ ಕೆಲಸ. ಅಲ್ಲಿ ಹೇಳಿದ್ದು: ಬೋರ್ಡೇ ಬದಲಾಗಬೇಕು, ಎಂಟು ಸಾವಿರ, ಒಂದು ತಿಂಗಳು. ಒಳಗಿದ್ದದ್ದು? ಅದು ಬರುವುದಿಲ್ಲ. ಭಾವ ಯಂತ್ರವನ್ನು ವಾಪಸು ತಂದರು.

ಆ ರಾತ್ರಿ ಸೊಸೆ ಫೋನಿನಲ್ಲಿ ಅಳಲಿಲ್ಲ. ಮಾತೂ ಆಡಲಿಲ್ಲ. ಅಕ್ಕನೇ ಮಾತಾಡಿದ್ದು: "ಮೆಣಸು ಹೋದರೆ ಹೋಗಲಿ, ಮಗು ಎರಡು ವರ್ಷ ಕೂತದ್ದು ಹೋಯಿತಲ್ಲೋ." ನಾನು ರಜೆ ಹಾಕಿ, ನನ್ನ ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ನೆನಪಾಯಿತು. ಫೆಬ್ರುವರಿಯಲ್ಲಿ ಗ್ರಾಫ್ ಬಿಡಿಸುವ ಬಗ್ಗೆ ಕೇಳಲು ಅವಳು ನನಗೆ ಒಂದು ಫೈಲು ಕಳಿಸಿದ್ದಳು. ಮೊಬೈಲಿನಲ್ಲಿ ಹುಡುಕಿದೆ, ಇತ್ತು. 1998ರವರೆಗಿನದು. ಉಳಿದದ್ದು 1999ರಿಂದ 2019ರವರೆಗೆ ಇಪ್ಪತ್ತೊಂದು ವರ್ಷ, ಪುಸ್ತಕದಿಂದ ಮತ್ತೆ ಏರಿಸಬೇಕು. ಮಳೆ ಬಂದ ದಿನಗಳನ್ನಷ್ಟೇ ಹಿಡಿದರೂ ವರ್ಷಕ್ಕೆ ನೂರನಲವತ್ತು. ಹತ್ತಿರಹತ್ತಿರ ಮೂರು ಸಾವಿರ ಅಂಕಿ.

ನಾಲ್ಕು ರಾತ್ರಿ ಕುಳಿತೆವು. ಅಕ್ಕ ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ ಓದುವುದು, ಸೊಸೆ ಒತ್ತುವುದು, ನಾನು ಪುಟ ತಿರುಗಿಸಿ ತಪ್ಪು ಹಿಡಿಯುವುದು. ಅಕ್ಕನಿಗೆ ಅಂಕಿಗಳ ಜೊತೆ ಕಥೆಯೂ ಬರುತ್ತಿತ್ತು. "ಇದು ನೀನು ಹುಟ್ಟಿದ ದಿನ, ಎರಡು ಇಂಚು ಹತ್ತು. ಹೊಳೆ ಉಕ್ಕಿ ಜೀಪು ದಾಟಲಿಲ್ಲ." 2018ರ ಆಗಸ್ಟ್ ಪುಟ ಬಂದಾಗ ಮಾತ್ರ ಬರೀ ಅಂಕಿಯನ್ನು ಓದಿದಳು.

ನನ್ನದು ಒಂದೇ ಮನೆಯ ಅನುಭವ ಎಂದು ನೀವು ಹೇಳಬಹುದು. ಆ ಅನುಮಾನ ನನಗೂ ಬಂದು, ಆಮೇಲೆ ಚಿತ್ರೀಕರಣಕ್ಕೆ ಕೊಡಗಿಗೆ ಹೋದಾಗಲೆಲ್ಲ ಇಂಥ ಯಂತ್ರ ಇಟ್ಟುಕೊಂಡವರನ್ನು ವಿಚಾರಿಸುವುದು ಒಂದು ಚಾಳಿಯಾಯಿತು. ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನ ರೈಟರು ಏಳು ವರ್ಷದಿಂದ ಹತ್ತು ಸಾವಿರದ್ದನ್ನು ಬಳಸುತ್ತಿದ್ದಾರೆ, ಒಂದು ದಿನವೂ ಕೈಕೊಟ್ಟಿಲ್ಲ. ಆಳುಗಳ ಹಾಜರಿ, ಸಂಬಳ, ಅಷ್ಟೇ ಅವರ ಕೆಲಸ. ಒಂದೇ ಲೆಕ್ಕದ ಹಾಳೆ ತೆರೆಯುತ್ತಾರೆ, ಮುಚ್ಚುತ್ತಾರೆ. ಇಂಟರ್‌ನೆಟ್ ಸೋಂಕೇ ಇಲ್ಲ. "ಎತ್ತಿಗೆ ಎಷ್ಟು ಹೊರೆ ಎಂದು ಗೊತ್ತಿರಬೇಕು ಸಾರ್" ಎಂದರು. ವಿರಾಜಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ನುಡಿಯಲ್ಲಿ ಕನ್ನಡ ಬರೆಯುವುದಕ್ಕೆಂದೇ ಕೊಂಡವರು. ಅವರಿಗೂ ದೂರಿಲ್ಲ, ಕೀಲಿಮಣೆಯ ಒಂದಕ್ಷರ ಮಾತ್ರ ಎರಡೆರಡು ಸಲ ಮೂಡುತ್ತದಂತೆ. ಹೋಂಸ್ಟೇ ನಡೆಸುವ ಹೆಂಗಸೊಬ್ಬರ ಯಂತ್ರದೊಳಗೆ ಜುಲೈನಲ್ಲಿ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಬೆಚ್ಚಗಿನ ಜಾಗ ಹುಡುಕುವುದರಲ್ಲಿ ಇರುವೆಗೆ ತಪ್ಪೇನಿದೆ?

ತೇವದ ವಿಷಯದಲ್ಲಿ ನಮ್ಮ ಕ್ಯಾಮೆರಾದವರ ಹಳೆಯ ಉಪಾಯ ಒಂದಿದೆ. ಲೆನ್ಸಿಗೆ ಬೂಸ್ಟು ಹಿಡಿಯದಂತೆ ಮರದ ಕಪಾಟಿನಲ್ಲಿ ಒಂದು ಸಣ್ಣ ಬಲ್ಬನ್ನು ಸದಾ ಉರಿಸಿಡುತ್ತಿದ್ದರು. ಎಲ್‌ಇಡಿ ಅಲ್ಲ, ಬಿಸಿಯಾಗುವ ಹಳೆಯ ಬಲ್ಬು. ಗಾಳಿ ಬೆಚ್ಚಗಾದರೆ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ, ಬೂಸ್ಟಿಗೆ ಬದುಕಿಲ್ಲ. ಲ್ಯಾಪ್‌ಟಾಪ್‌ಗೂ ಇದೇ ಸಾಕು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ದಿನಕ್ಕೊಂದು ಗಂಟೆಯಾದರೂ ಯಂತ್ರವನ್ನು ನಡೆಸಿ, ತನ್ನ ಶಾಖಕ್ಕೆ ತಾನೇ ಒಣಗುತ್ತದೆ. ಬೀರುವಿನಲ್ಲಿ ಬಟ್ಟೆ ಸುತ್ತಿ ಭದ್ರವಾಗಿಟ್ಟವರದೇ ಹೆಚ್ಚು ಕೆಟ್ಟದ್ದು. ಕಾಫಿಯನ್ನು ಎಷ್ಟು ಒಣಗಿಸಿ ಮೂಟೆ ಕಟ್ಟಬೇಕೆಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ಅದೇ ಎಚ್ಚರ ಇದಕ್ಕೂ ಬೇಕು. ಹೂಮಳೆಯ ದಿನಗಳಲ್ಲಿ ಗುಡುಗು ಕೇಳಿದೊಡನೆ ಚಾರ್ಜರನ್ನು ಗೋಡೆಯಿಂದ ಕೀಳಿ. ಸ್ವಿಚ್ಚು ಆರಿಸಿದರೆ ಸಾಲದು.

ಇವತ್ತು ಕೊಳ್ಳುವವರಿಗೆ ಏನು ಹೇಳಲಿ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ. ಆದ್ದರಿಂದ 2 ಜಿಬಿ, 32 ಜಿಬಿಯ ಯಂತ್ರ ಹಳೆಯ ದಾಸ್ತಾನಿನಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ವಿದ್ಯಾರ್ಥಿಗೆ ಕೊಡಿಸಬೇಡಿ. ಕನಿಷ್ಠದ ಲೆಕ್ಕವನ್ನೂ ನಂಬಬೇಡಿ, 8 ಜಿಬಿ ಇರಲಿ. 'ಸಂಗ್ರಹವನ್ನು ಬಿಚ್ಚಿ ಬದಲಾಯಿಸಬಹುದೇ?' ಎಂದು ಅಂಗಡಿಯವನನ್ನು ಕೇಳಿ. ಆತ ತಡವರಿಸಿದರೆ ಅದು ಬೆಸುಗೆಯದೇ ಎಂದು ತಿಳಿಯಿರಿ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ, ಗ್ಯಾರಂಟಿ ಕೊಟ್ಟು ಮಾರುವವರಿದ್ದಾರೆ. ನೋಡಲು ದಪ್ಪ, ತೂಕವೂ ಹೆಚ್ಚು, ಆದರೆ ರ‍್ಯಾಮ್ ಸೇರಿಸಬಹುದು, ಡಿಸ್ಕ್ ಬದಲಿಸಬಹುದು, ಬ್ಯಾಟರಿ ಸಿಗುತ್ತದೆ. ಅದೇ ದುಡ್ಡಿಗೆ ನಾನು ಈಗ ಹೇಳುವುದು ಅದನ್ನೇ. ಆದರೂ ಕಕ್ಕಡದ ಕತ್ತಲೆಯಲ್ಲಿ ಜೀಪಿನಿಂದ ಚಾರ್ಜ್ ಆಗುವ ಸೌಭಾಗ್ಯ ಅದಕ್ಕಿಲ್ಲ, ಇದನ್ನೂ ಹೇಳಿಬಿಡುತ್ತೇನೆ.

ಅಕ್ಕನ ಮನೆಯ ಯಂತ್ರ ಸತ್ತಿಲ್ಲ. ಪ್ರಾಜೆಕ್ಟ್ ಒಪ್ಪಿಸಿದ ಮೇಲೆ ನಾನು ಅದನ್ನು ಬೆಂಗಳೂರಿಗೆ ತಂದೆ. ಒಳಗಿನ ಚಿಪ್ಪು ಹೋಗಿದ್ದರೂ ಹೊರಗೆ ಚುಚ್ಚಿದ ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಬಹುದಲ್ಲ ಎಂಬ ಆಸೆ. ಈ ಜಾತಿಯ ಹಲವು ಯಂತ್ರಗಳಲ್ಲಿ ಒಂದು ವಕ್ರತೆ ಇದೆ: ಪ್ರೊಸೆಸರ್ 64 ಬಿಟ್‌ನದು, ಅದನ್ನು ಎಬ್ಬಿಸುವ ತಂತ್ರಾಂಶ ಮಾತ್ರ 32 ಬಿಟ್‌ನದು. ಹೆಚ್ಚಿನ ಲಿನಕ್ಸ್‌ಗಳು ಬಾಗಿಲಲ್ಲೇ ಮುಗ್ಗರಿಸಿದವು. ಎರಡಕ್ಕೂ ಒಗ್ಗುವ ಒಂದು ಪ್ರತಿ ಕೊನೆಗೆ ಡೆಬಿಯನ್‌ನಲ್ಲಿ ಸಿಕ್ಕಿತು. ಈಗ ಅದು ಅಕ್ಕನ ಅಡುಗೆಮನೆಯ ಪಕ್ಕದ ಕಪಾಟಿನಲ್ಲಿ, ಬಲ್ಬಿನ ಬೆಚ್ಚಗೆಯಲ್ಲಿದೆ. ಕೆಲಸ ಒಂದೇ, ಮಳೆ ಲೆಕ್ಕ. ವಾರಕ್ಕೊಮ್ಮೆ ಆ ಫೈಲು ನನಗೂ ಬರುತ್ತದೆ, ಇನ್ನೊಂದು ಪೆನ್‌ಡ್ರೈವ್‌ಗೂ ಹೋಗುತ್ತದೆ. ಪಕ್ಕದಲ್ಲಿ ಹೊಸ ನೋಟುಪುಸ್ತಕವೂ ಇದೆ.

2020ರಿಂದ 2022ರವರೆಗಿನದು ಪುಸ್ತಕದಲ್ಲೂ ಇರಲಿಲ್ಲವಲ್ಲ, ಅದು ಹೇಗೆ ಸಿಕ್ಕಿತೆಂದು ನೀವು ಕೇಳಬಹುದು. ಬೆಳಿಗ್ಗೆ ಮಾಪಕ ನೋಡುತ್ತಿದ್ದವಳು ಅಕ್ಕ. ಸಂಜೆ ಮಗಳಿಗೆ ಹೇಳುವವರೆಗೆ ಮರೆಯದಿರಲಿ ಎಂದು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ, ಹಾಲಿನ ಲೆಕ್ಕದ ಕೆಳಗೆ, ಪೆನ್ಸಿಲಿನಲ್ಲಿ ಗೀಚಿಡುತ್ತಿದ್ದಳು. ಹಳೆಯ ಕ್ಯಾಲೆಂಡರುಗಳನ್ನು ಅಟ್ಟದಿಂದ ಇಳಿಸಿ ಎಲ್ಲವನ್ನೂ ತುಂಬಿಸಿದೆವು, ಒಂದು ತಿಂಗಳು ಬಿಟ್ಟು. 2021ರ ಜುಲೈ ಹಾಳೆಯನ್ನು ಹರಿದು ಯಾರಿಗೋ ಒಣಮೀನು ಕಟ್ಟಿಕೊಟ್ಟಿದ್ದಳಂತೆ.

ಆ ಮೂವತ್ತೊಂದು ಚೌಕಗಳನ್ನು ಸೊಸೆ ಖಾಲಿಯೇ ಬಿಟ್ಟಿದ್ದಾಳೆ. ಪಕ್ಕದ ತೋಟದವರ ಬಳಿ ಆ ತಿಂಗಳ ಲೆಕ್ಕ ಇದೆಯಲ್ಲ, ಅದನ್ನೇ ತಂದು ಹಾಕಬಾರದೇ ಎಂದೆ.

"ಅದು ಅವರ ಮಳೆ ಮಾಮ" ಎಂದಳು.